ಕೆಲಸಗಾರರ ಆರೋಗ್ಯವೂ ಉದ್ದಿಮೆಯ ಲಾಭವೂ

ಯಂತ್ರಕ್ಕೆ ಹಾಕಿದ ಎಣ್ಣೆಯ ಖರ್ಚನ್ನು ಯಾವ ಖಾತೆಗೆ ಬರೆಯಬೇಕೆಂಬುದು ಲೆಕ್ಕ ಬರೆಯುವ ಯಾವ ಮುನೀಮನಿಗೂ ಗೊತ್ತು. ಆದರೆ ಆ ಯಂತ್ರದ ಮುಂದೆ ನಿಂತ ಕೆಲಸಗಾರನ ಕೆಮ್ಮಿಗೆ ಕೊಡಿಸಿದ ಔಷಧದ ಖರ್ಚನ್ನು ಎಲ್ಲಿ ಬರೆಯಬೇಕು? ಧರ್ಮದ ಖಾತೆಗೋ, ನಷ್ಟದ ಖಾತೆಗೋ, ಅಥವಾ ಎಣ್ಣೆಯ ಹಾಗೆ ಅದನ್ನೂ ಉತ್ಪಾದನೆಯ ಖಾತೆಗೋ? ಅರ್ಥಶಾಸ್ತ್ರದ ತರಗತಿಯಲ್ಲಿ ಒಮ್ಮೆ ಎದ್ದ ಈ ಪ್ರಶ್ನೆಗೆ ಆ ದಿನ ಗಂಟೆ ಬಾರಿಸಿದ್ದರಿಂದ ಉತ್ತರ ಸಿಗಲಿಲ್ಲ. ಮುಂದೆ ನಾನು ಓದಿ ತಿಳಿದುದನ್ನೂ, ನಮ್ಮ ಭಾಗದ ಉದ್ದಿಮೆಗಳಿಗೆ ಅದನ್ನು ಹೊಂದಿಸಿ ನೋಡಿದಾಗ ತೋರಿದುದನ್ನೂ ಸಹಾಧ್ಯಾಯಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದೊಡನೆ ಚೆನ್ನಮ್ಮನ ಸಮಾಧಿ, 1824ರ ಕಿತ್ತೂರಿನ ಕಾಳಗ, ಎಲ್ಲಮ್ಮನ ಗುಡ್ಡ, ಹಳೆಯ ಸಂಸ್ಥಾನ ಇವು ಕಣ್ಣೆದುರು ನಿಲ್ಲುತ್ತವೆ. ಉದ್ದಿಮೆಯ ದೃಷ್ಟಿಯಿಂದ ಈ ನಾಡನ್ನು ನೋಡುವವರು ಕಡಿಮೆ. ಆದರೂ ಬೈಲಹೊಂಗಲದ ಹತ್ತಿಯ ಪೇಟೆ, ಅಲ್ಲಿ ಅರಳೆಯನ್ನು ಬೀಜದಿಂದ ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳು, ರಾಮದುರ್ಗ ಮತ್ತು ಸುತ್ತಲಿನ ಊರುಗಳ ಮಗ್ಗಗಳು, ಮಲಪ್ರಭೆಯ ಆಸರೆಯಲ್ಲಿ ಬೆಳೆಯುವ ಕಬ್ಬು, ಅದನ್ನು ಅರೆಯಲೆಂದು ಎಂ. ಕೆ. ಹುಬ್ಬಳ್ಳಿಯಲ್ಲಿ ರೈತರು ಸಹಕಾರಿ ತತ್ತ್ವದ ಮೇಲೆ ಕಟ್ಟಿದ ಸಕ್ಕರೆ ಕಾರಖಾನೆ, ಸವದತ್ತಿ ತಾಲೂಕಿನ ಮುನವಳ್ಳಿಯ ಕಾರಖಾನೆ ಇವೆಲ್ಲ ಸಾವಿರಾರು ಜನರಿಗೆ ಅನ್ನ ಕೊಟ್ಟಿವೆ. ಕೆಲಸಗಾರರ ಆರೋಗ್ಯದ ಮಾತು ಬಂದಾಗ ಪುಸ್ತಕಗಳು ಬೆಂಗಳೂರು, ಮುಂಬಯಿ, ಅಮೇರಿಕೆಗಳ ದೊಡ್ಡ ಕಚೇರಿಗಳ ಉದಾಹರಣೆಯನ್ನೇ ಕೊಡುತ್ತವೆ. ಅಲ್ಲಿಯ ಸೂತ್ರ ಇಲ್ಲಿ ಎಷ್ಟರ ಮಟ್ಟಿಗೆ ನಡೆದೀತೆಂಬುದೇ ನನಗೆ ಕುತೂಹಲದ ವಿಷಯವಾಯಿತು.

ಮೊದಲು ಅನಾರೋಗ್ಯದಿಂದ ಮಾಲಕನಿಗೆ ಆಗುವ ನಷ್ಟ ಎಂಥದೆಂಬುದನ್ನು ನೋಡೋಣ. ಸಾಮಾನ್ಯವಾಗಿ ಮಾಲಕರು ಹೇಳುವುದು ಹೀಗೆ: ದಿನಗೂಲಿಯ ಆಳು ಬಾರದಿದ್ದರೆ ನಾನು ಕೂಲಿ ಕೊಡುವುದಿಲ್ಲ, ಆದ್ದರಿಂದ ನನಗೇನೂ ನಷ್ಟವಿಲ್ಲ. ಮೇಲ್ನೋಟಕ್ಕೆ ಈ ಮಾತು ಸರಿ. ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಪರೀಕ್ಷಿಸಬಹುದು. ಅಂಕಿಗಳು ತಿಳಿವಳಿಕೆಗಾಗಿ ನಾನು ಇಟ್ಟುಕೊಂಡವು; ಯಾವ ಗಿರಣಿಯ ಲೆಕ್ಕವೂ ಅಲ್ಲ. ಒಂದು ಜಿನ್ನಿಂಗ್ ಗಿರಣಿಯಲ್ಲಿ 40 ಜನ ಕೆಲಸಗಾರರಿದ್ದಾರೆ. ದಿನಗೂಲಿ 500 ರೂಪಾಯಿ. ಒಬ್ಬನ ಒಂದು ದಿನದ ಕೆಲಸದ ಬೆಲೆ 700 ರೂಪಾಯಿ ಎಂದಿಟ್ಟುಕೊಳ್ಳಿರಿ. ಕೂಲಿ ಕಳೆದು ಮಾಲಕನಿಗೆ 200 ರೂಪಾಯಿ ಉಳಿಯುವುದು. ಹಂಗಾಮಿನಲ್ಲಿ ಪ್ರತಿಯೊಬ್ಬನೂ ಜಡ್ಡಿನಿಂದ 6 ದಿನ ಬಾರದೆ ಉಳಿದರೆ ಒಟ್ಟು 240 ಆಳುದಿನಗಳು, ಅಂದರೆ 48,000 ರೂಪಾಯಿ ನಷ್ಟವಾಯಿತು. ಇದು ಹಾಜರಿ ಪುಸ್ತಕದಲ್ಲಿ ಕಾಣುವ ನಷ್ಟ.

ಕಾಣದ ನಷ್ಟವೊಂದಿದೆ. ಜ್ವರ ಬಂದರೂ, ಎದೆ ಬಿಗಿದರೂ ಕೂಲಿ ತಪ್ಪೀತೆಂದು ಕೆಲಸಗಾರ ಬರುತ್ತಾನೆ. ಆದರೆ ಕೆಲಸ ಮುಕ್ಕಾಲು ಮಾತ್ರ ಸಾಗುತ್ತದೆ. ಇಂಥ ದಿನಗಳು ತಲೆಗೆ 10 ಎಂದರೆ 400 ಆಳುದಿನಗಳಾದವು. ಪ್ರತಿದಿನ ಕಾಲು ಭಾಗದ ಕೆಲಸ, ಎಂದರೆ 175 ರೂಪಾಯಿ, ಕೈಬಿಟ್ಟು ಹೋಗುವುದು. ಕೂಲಿ ಮಾತ್ರ ಪೂರ್ತಿ ಕೊಡಬೇಕು. ಈ ನಷ್ಟ 70,000 ರೂಪಾಯಿ. ಎರಡೂ ಕೂಡಿ 1,18,000. ಬಾರದ ಆಳಿಗಿಂತ ಬಂದೂ ಬಾರದಂತಿದ್ದ ಆಳಿನಿಂದಲೇ ಹೆಚ್ಚು ಹಾನಿಯೆಂಬುದನ್ನು ಇಲ್ಲಿ ಗಮನಿಸಬೇಕು. ಇನ್ನು ದೂಳು ಹೊರಗೆಳೆಯುವ ಪಂಖ, ಮೂಗುಬಟ್ಟೆ, ಶುದ್ಧ ನೀರು, ತಿಂಗಳಿಗೊಮ್ಮೆ ಡಾಕ್ಟರರ ಭೇಟಿ ಇವಕ್ಕೆಲ್ಲ ಮಾಲಕನು ಹಂಗಾಮಿಗೆ 40,000 ರೂಪಾಯಿ ವೆಚ್ಚ ಮಾಡಿದನೆನ್ನೋಣ. ನಷ್ಟದ ಮೂರರಲ್ಲೊಂದು ಪಾಲಿಗೆ ತುಸು ಮೀರಿ ತಗ್ಗಿದರೆ ಆ ಖರ್ಚು ಮರಳಿ ಬಂದಂತಾಯಿತು. ತಗ್ಗುವುದೇ? ವಾದವಿರುವುದು ಈ ಒಂದು ಪ್ರಶ್ನೆಯಲ್ಲಿ.

(ನಡುವೆ ಒಂದು ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಸುತ್ತಿನಲ್ಲಿ ನಮ್ಮ ಭಾಗದ ಹಾಜರಿ ಪುಸ್ತಕ ಖಾಲಿಯಾದರೆ ಅದಕ್ಕೆ ಅನಾರೋಗ್ಯ ಕಾರಣವಲ್ಲ, ಎಲ್ಲಮ್ಮ ಕಾರಣಳು. ಯಾವ ಆರೋಗ್ಯ ಯೋಜನೆಯೂ ಈ ಗೈರುಹಾಜರಿಯನ್ನು ತಗ್ಗಿಸಲಾರದು. ತಗ್ಗಿಸುವ ಅವಶ್ಯಕತೆಯೂ ಇಲ್ಲ.)

ಕೆಲಸಗಾರನ ಕ್ಷೇಮದಲ್ಲಿ ಮಾಲಕನ ಲಾಭವಿದೆಯೆಂಬ ವಿಚಾರ ಇಂದಿನದಲ್ಲ. ಸ್ಕಾಟ್‌ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ನೂಲಿನ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ನನು 1813ರ ಸುಮಾರಿಗೆ ತನ್ನ ಸಮಕಾಲೀನ ಗಿರಣಿದಾರರಿಗೆ ಒಂದು ಪ್ರಶ್ನೆ ಹಾಕಿದನು: ನಿರ್ಜೀವ ಯಂತ್ರಗಳನ್ನು ಚೊಕ್ಕಟವಾಗಿಟ್ಟರೆ ಲಾಭವಾಗುವುದೆಂದು ಬಲ್ಲ ನೀವು, ಅವಕ್ಕಿಂತ ಎಷ್ಟೋ ಅದ್ಭುತವಾಗಿ ರಚಿತವಾದ ಸಜೀವ ಯಂತ್ರಗಳನ್ನು ಏಕೆ ಕಡೆಗಣಿಸುತ್ತೀರಿ? ನಮ್ಮ ದೇಶದಲ್ಲಿ ಜಮಶೇಟಜಿ ಟಾಟಾ ಅವರು 1877ರಲ್ಲಿ ನಾಗಪುರದಲ್ಲಿ ಆರಂಭಿಸಿದ ಎಂಪ್ರೆಸ್ ಗಿರಣಿಯಲ್ಲಿ ಕೆಲಸಗಾರರು ಮನ ಬಂದಂತೆ ಗೈರುಹಾಜರಾಗುವುದು ದೊಡ್ಡ ತೊಡಕಾಗಿತ್ತು. ದಂಡ ಹಾಕುವುದರ ಬದಲು ಅವರು ಭವಿಷ್ಯನಿಧಿ, ನಿವೃತ್ತಿವೇತನ, ಗಾಳಿ ಬೆಳಕಿನ ಏರ್ಪಾಡು ಮುಂತಾದವುಗಳಿಂದ ಅವರನ್ನು ಹಿಡಿದು ನಿಲ್ಲಿಸಲೆಳಸಿದರು. ಜಮಶೇದಪುರದ ಉಕ್ಕಿನ ಕಾರಖಾನೆಯಲ್ಲಿ 1912ರಲ್ಲಿ ಎಂಟು ಗಂಟೆಗಳ ದಿನ, 1915ರಲ್ಲಿ ಉಚಿತ ವೈದ್ಯೋಪಚಾರ, 1920ರಲ್ಲಿ ಪಗಾರ ಸಹಿತ ರಜೆ ಬಂದವು. ಇವುಗಳಲ್ಲಿ ಕೆಲವನ್ನು ದೇಶದ ಕಾಯಿದೆ ಒಪ್ಪಿಕೊಂಡದ್ದು 1948ರಲ್ಲಿ. ನಮ್ಮ ಜಿಲ್ಲೆಯಲ್ಲಿಯೇ, ಗೋಕಾಕ ಜಲಪಾತದ ಬಲದಿಂದ ನಡೆಯಲೆಂದು 1880ರ ದಶಕದಲ್ಲಿ ಎದ್ದ ನೂಲಿನ ಗಿರಣಿಯ ಬಳಿ ಕೆಲಸಗಾರರಿಗಾಗಿ ಒಂದು ಊರೇ ಬೆಳೆಯಿತು.

ಕಾಯಿದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. 1948ರ ಕಾರಖಾನೆ ಕಾಯಿದೆಯು 250ಕ್ಕೆ ಮೇಲ್ಪಟ್ಟು ಕೆಲಸಗಾರರಿದ್ದಲ್ಲಿ ಉಪಾಹಾರಗೃಹವನ್ನು ಕಡ್ಡಾಯ ಮಾಡಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಆ ಸಂಖ್ಯೆಯನ್ನು 100ಕ್ಕೆ ಇಳಿಸಿ, ಗೊತ್ತುಪಡಿಸಿದ ವರ್ಗದ ನೌಕರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯನ್ನು ಮಾಲಕನ ಹೊಣೆಯಾಗಿಸಿದೆ. 1952ರ ಫೆಬ್ರುವರಿ 24ರಂದು ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ 2019ರ ಜುಲೈ 1ರಿಂದ ಮಾಲಕನ ಪಾಲು ವೇತನದ ಶೇಕಡಾ 3.25, ನೌಕರನ ಪಾಲು ಶೇಕಡಾ 0.75. ಜಡ್ಡಿನಿಂದ ಕೆಲಸ ತಪ್ಪಿದಾಗ ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ದೊರೆಯುವುದು ಚಿಕ್ಕ ಮಾತಲ್ಲ. ಆದರೆ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಮಗ್ಗದ ಶೆಡ್ಡಿಗೆ ಈ ವಿಮೆ ತಾನಾಗಿ ತಲುಪುವುದಿಲ್ಲ. ಹೊಸ ಸಂಹಿತೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಕಾರಖಾನೆ ಎನ್ನಿಸಿಕೊಳ್ಳಲು ಹತ್ತರ ಬದಲು ಇಪ್ಪತ್ತು ಜನ ಬೇಕು. ನಮ್ಮ ನಾಲ್ಕು ತಾಲೂಕುಗಳ ದುಡಿಮೆಯ ಬಹುಭಾಗ ಈ ಗೆರೆಯ ಕೆಳಗೇ ಉಳಿದಿದೆ.

ಇನ್ನು ಲಾಭದ ಪ್ರಶ್ನೆ. 2010ರಲ್ಲಿ ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾಥರಿನ್ ಬೈಕರ್, ಡೇವಿಡ್ ಕಟ್ಲರ್, ಝಿರುಯಿ ಸಾಂಗ್ ಎಂಬ ಮೂವರು ಅದುವರೆಗೆ ನಡೆದಿದ್ದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ, ನೌಕರರ ಆರೋಗ್ಯಕ್ಕಾಗಿ ಒಂದು ಡಾಲರ್ ಖರ್ಚು ಮಾಡಿದರೆ ವೈದ್ಯವೆಚ್ಚದಲ್ಲಿ 3.27 ಡಾಲರ್, ಗೈರುಹಾಜರಿಯ ವೆಚ್ಚದಲ್ಲಿ 2.73 ಡಾಲರ್ ಉಳಿಯುವುದೆಂದು ಪ್ರಕಟಿಸಿದರು. ಒಂದಕ್ಕೆ ಆರು! ಯಾವ ಸಾಹುಕಾರನಿಗೆ ಬೇಡವಾದೀತು? ವ್ಯಾಯಾಮ, ತೂಕ ಇಳಿಸುವಿಕೆ, ಹೊಗೆಸೊಪ್ಪು ಬಿಡಿಸುವಿಕೆ, ರಕ್ತಪರೀಕ್ಷೆ ಮುಂತಾದ ಯೋಜನೆಗಳನ್ನು ಮಾರುವ ಕಂಪನಿಗಳು ಈ ಅಂಕಿಯನ್ನು ಬಾವುಟದಂತೆ ಹಿಡಿದವು. ನಾನೂ ಈ ಅಂಕಿಯನ್ನು ಮೊದಲು ಓದಿದಾಗ ನನ್ನ ಲೇಖನ ಮುಗಿದೇ ಹೋಯಿತೆಂದು ತಿಳಿದೆ.

ಆದರೆ ಮುಂದೆ ಓದಿದಂತೆ ಸಂಶಯ ಹುಟ್ಟಿತು. ಯೋಜನೆಗೆ ಸೇರಿದವರನ್ನೂ ಸೇರದವರನ್ನೂ ಹೋಲಿಸಿ ಲಾಭವನ್ನು ಅಳೆಯುವುದರಲ್ಲಿ ಒಂದು ಮೋಸವಿದೆ. ಮುಂಜಾನೆ ಎದ್ದು ಓಡುವ ಯೋಜನೆಗೆ ತಾವಾಗಿ ಹೆಸರು ಕೊಡುವವರು ಯಾರು? ಮೊದಲೇ ಗಟ್ಟಿಮುಟ್ಟಾಗಿರುವವರು. ಅವರ ವೈದ್ಯವೆಚ್ಚ ಕಡಿಮೆಯಿದ್ದರೆ ಅದು ಯೋಜನೆಯ ಗುಣವಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 4,834 ನೌಕರರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನಡೆಸಿ, 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವೈದ್ಯವೆಚ್ಚದಲ್ಲಾಗಲಿ ಗೈರುಹಾಜರಿಯಲ್ಲಾಗಲಿ ಎದ್ದುಕಾಣುವ ವ್ಯತ್ಯಾಸ ತೋರಲಿಲ್ಲ. ಹಾಗೆ ತಾವಾಗಿ ಭಾಗವಹಿಸಿದವರು ಮೊದಲೇ ಕಡಿಮೆ ಖರ್ಚಿನವರೆಂಬುದು ಮಾತ್ರ ಸಿದ್ಧವಾಯಿತು. ಅದೇ ವರ್ಷ ಒಂದು ದೊಡ್ಡ ಅಂಗಡಿಗಳ ಸಂಸ್ಥೆಯ 160 ಶಾಖೆಗಳ ಸುಮಾರು 33,000 ನೌಕರರ ಮೇಲೆ ನಡೆಸಿದ ಇನ್ನೊಂದು ಪ್ರಯೋಗವೂ ಹದಿನೆಂಟು ತಿಂಗಳುಗಳ ಕೊನೆಗೆ ಇದನ್ನೇ ಹೇಳಿತು. ಅದನ್ನು ನಡೆಸಿದವರು ಯಾರು? ಒಂದಕ್ಕೆ ಆರು ಎಂದು ಹೇಳಿದ್ದ ಸಾಂಗ್ ಮತ್ತು ಬೈಕರ್ ಅವರೇ. ತಮ್ಮ ಹಿಂದಿನ ನಿರ್ಣಯವನ್ನು ತಾವೇ ಇನ್ನಷ್ಟು ಬಿಗಿಯಾದ ಒರೆಗೆ ಹಚ್ಚಿದ ಈ ವಿದ್ವಾಂಸರ ಪ್ರಾಮಾಣಿಕತೆ ನನಗೆ ಅಂಕಿಗಳಿಗಿಂತ ಹೆಚ್ಚು ಮೆಚ್ಚುಗೆಯಾಯಿತು.

ಹಾಗಾದರೆ ಆರೋಗ್ಯಕ್ಕೆ ಮಾಡಿದ ಖರ್ಚೆಲ್ಲ ನೀರಿನಲ್ಲಿ ಹೋಮವೇ? ಅಲ್ಲ. ಪೆಪ್ಸಿಕೋ ಸಂಸ್ಥೆಯ ಯೋಜನೆಯ ಏಳು ವರ್ಷಗಳ ಲೆಕ್ಕವನ್ನು ನೋಡಿದವರು 2014ರಲ್ಲಿ ಒಂದು ಭೇದವನ್ನು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆ ಮೊದಲಾದ ರೋಗ ಈಗಾಗಲೇ ಇದ್ದವರ ಶುಶ್ರೂಷೆಗೆ ಹಾಕಿದ ಒಂದು ಡಾಲರಿಗೆ 3.80 ಡಾಲರ್ ಮರಳಿತು. ಆರೋಗ್ಯವಂತರಿಗೆ ಜೀವನಕ್ರಮದ ಉಪದೇಶ ಮಾಡಲು ಹಾಕಿದ ಒಂದು ಡಾಲರಿಗೆ ಅರ್ಧ ಡಾಲರ್ ಮಾತ್ರ. ನನಗೆ ತೋರುವುದು ಇಷ್ಟು: ಕೆಲಸಕ್ಕೆ ಅಡ್ಡಬಂದ ನಿಶ್ಚಿತವಾದ ಒಂದು ತೊಂದರೆಯನ್ನು ಹುಡುಕಿ ತೆಗೆದರೆ ಲಾಭವಿದೆ; ಸಾಮಾನ್ಯವಾದ ಉಪದೇಶದಿಂದ ಹಣದ ಲಾಭ ಅಪರೂಪ.

ಇದಕ್ಕೆ ಪೋಷಕವಾದ ಉದಾಹರಣೆಗಳು ಹೊರದೇಶಕ್ಕಿಂತ ನಮ್ಮಲ್ಲಿಯೇ ಚೆನ್ನಾಗಿವೆ. ಬೆಂಗಳೂರಿನ ಸುತ್ತಲಿನ ಸಿದ್ಧ ಉಡುಪಿನ ಕಾರಖಾನೆಗಳಲ್ಲಿ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ದೀಪಗಳನ್ನು ಹಾಕಿದರು. ಉದ್ದೇಶವಿದ್ದದ್ದು ವಿದ್ಯುತ್ ಉಳಿತಾಯ. ಆದರೆ ಹೊಸ ದೀಪಗಳು ಕಡಿಮೆ ಕಾವು ಕೊಡುವುದರಿಂದ, ಬಿಸಿಲು ಹೆಚ್ಚಾದ ದಿನಗಳಲ್ಲಿ ಹೊಲಿಗೆಯ ಕೆಲಸ ಮೊದಲಿನಂತೆ ಕುಗ್ಗಲಿಲ್ಲ. ಈ ಲಾಭವನ್ನೂ ಸೇರಿಸಿದರೆ ದೀಪದ ಖರ್ಚು ಬಹಳ ಬೇಗ ಮರಳಿ ಬರುವುದೆಂದು ಅಧ್ವರ್ಯು, ಕಲಾ, ನ್ಯಾಶಧಂ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿದ್ದಾರೆ. ತಗಡಿನ ಛಾವಣಿಯ ಕೆಳಗೆ ಏಪ್ರಿಲ್ ತಿಂಗಳಲ್ಲಿ ವಿದ್ಯುನ್ಮಗ್ಗ ನಡೆಸುವವರನ್ನು ಕಂಡವರಿಗೆ ಇದಕ್ಕೆ ವ್ಯಾಖ್ಯಾನ ಬೇಡ.

ಎರಡನೆಯ ಉದಾಹರಣೆ ಅಸ್ಸಾಮಿನ ಚಹದ ತೋಟದ್ದು. ನಲವತ್ತು ದಾಟಿದ, ಹತ್ತಿರದ ದೃಷ್ಟಿ ಮಂದವಾದ 751 ಕೆಲಸಗಾರರಲ್ಲಿ ಅರ್ಧ ಜನರಿಗೆ ಕನ್ನಡಕ ಕೊಟ್ಟು, ಉಳಿದವರಿಗೆ ಪರೀಕ್ಷೆಯ ಅವಧಿ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿಕೊಂಡವರು ದಿನಕ್ಕೆ ಕೀಳುವ ಎಲೆ 25 ಕಿಲೋದಿಂದ ಸುಮಾರು 35 ಕಿಲೋಗೆ ಏರಿತು. ಹಂಗಾಮಿನ ಗುಣದಿಂದ ಉಳಿದವರದೂ ಏರಿತ್ತಾದ್ದರಿಂದ ಅದನ್ನು ಕಳೆದು ನೋಡಿದರೂ ಶೇಕಡಾ 21.7ರಷ್ಟು ಹೆಚ್ಚಳ ಕನ್ನಡಕದಿಂದಲೇ ಆದದ್ದೆಂದು 2018ರಲ್ಲಿ ಪ್ರಕಟವಾಯಿತು. ಕನ್ನಡಕಕ್ಕೂ ಅದನ್ನು ತಲುಪಿಸಲಿಕ್ಕೂ ಆದ ಖರ್ಚು ತಲೆಗೆ ಸುಮಾರು ಹತ್ತು ಡಾಲರ್. ಬಾಂಗ್ಲಾದೇಶದಲ್ಲಿ ಹೊಲಿಗೆ, ನೇಯ್ಗೆ ಮುಂತಾದ ಕೈಗೆಲಸದವರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕನ್ನಡಕ ಪಡೆದವರ ಆದಾಯ ಮೂರರಲ್ಲೊಂದು ಪಾಲು ಏರಿತು.

ಈ ಸಾಲುಗಳನ್ನು ಓದಿದ ದಿನ ನನಗೆ ನಮ್ಮ ಮನೆಯ ಮಗ್ಗ ನೆನಪಾಯಿತು. ನಮ್ಮ ಭಾಗದಲ್ಲಿ ಹಿರಿಯರು ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಚಾಳೀಸ್ ಎಂದರೆ ನಲವತ್ತು. ನಲವತ್ತಕ್ಕೆ ಕಣ್ಣು ಸೋಲುತ್ತದೆಂಬ ವೈದ್ಯಶಾಸ್ತ್ರ ಆ ಮಾತಿನಲ್ಲಿಯೇ ಇದೆ. ಆದರೂ ನಮ್ಮ ಅಪ್ಪ ಐವತ್ತರ ಹತ್ತಿರ ಬಂದರೂ ಚಾಳೀಸು ಹಾಕಿರಲಿಲ್ಲ. ಹಾಸಿನಲ್ಲಿ ಎಳೆ ಹರಿದುದು ಕಾಣದೆ ನಾಲ್ಕು ಬೆರಳು ನೇಯ್ದ ಮೇಲೆ ಬಟ್ಟೆಯಲ್ಲಿ ಗೆರೆ ಬಿದ್ದಿರುತ್ತಿತ್ತು. ಬಟ್ಟೆ ಕೊಳ್ಳುವವರು ಅದಕ್ಕಾಗಿ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಕ್ಕೆ ಕೂಡುವುದನ್ನೇ ಬಿಟ್ಟರು. ಅವ್ವ ತನ್ನ ಕೆಲಸ ಬಿಟ್ಟು ಬಂದು ಎಳೆ ಹುಡುಕಿ ಗಂಟು ಹಾಕಬೇಕಾಗುತ್ತಿತ್ತು. ಕೇಳಿದರೆ, "ವಯಸ್ಸಾತು ತಮ್ಮಾ, ಕಣ್ಣು ಇನ್ನ ಹಿಂಗ ಇರಾವು" ಎನ್ನುತ್ತಿದ್ದರು. ಅದನ್ನು ಅವರು ಜಡ್ಡೆಂದು ಬಗೆದಿರಲಿಲ್ಲ, ವಿಧಿಯೆಂದು ಬಗೆದಿದ್ದರು. ಅಸ್ಸಾಮಿನ ವಿಷಯ ಹೇಳಿ ಬಹಳ ಒತ್ತಾಯ ಮಾಡಿ ಕಣ್ಣಿನ ತಪಾಸಣೆಗೆ ಕರೆದೊಯ್ದೆ. ಒಂದೇ ಮನೆಯ ಅನುಭವ ಶಾಸ್ತ್ರವಾಗದೆಂಬುದು ನನಗೆ ಗೊತ್ತು. ಮೇಲಿನ ಅಮೇರಿಕೆಯ ಕಥೆಯೇ ನನಗೆ ಆ ಪಾಠ ಕಲಿಸಿದೆ. ಆದರೂ ಕನ್ನಡಕ ಬಂದ ಮೇಲೆ ಅಪ್ಪ ಸಂಜೆಯ ಮಗ್ಗಕ್ಕೆ ಮರಳಿದರೆಂಬುದನ್ನೂ, ಅವ್ವನಿಗೆ ಮಗ್ಗದ ಕಡೆ ಕೂಗು ಬರುವುದು ನಿಂತಿತೆಂಬುದನ್ನೂ ಇಲ್ಲಿ ದಾಖಲಿಸದೆ ಇರಲಾರೆ.

ಇಲ್ಲಿಯೇ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಆ ಕನ್ನಡಕದ ಹಣವನ್ನು ಯಾರು ಕೊಡಬೇಕಾಗಿತ್ತು? ಗಜದ ಲೆಕ್ಕದಲ್ಲಿ ಕೂಲಿ ಕೊಡುವ ವ್ಯಾಪಾರಿಗೆ ನೇಕಾರ ನಿಧಾನವಾದರೆ ನಷ್ಟವಿಲ್ಲ, ನಷ್ಟವೆಲ್ಲ ನೇಕಾರನದೇ. ದೋಷವಿದ್ದ ಬಟ್ಟೆಗೂ ಕಡಿತ ಮಾಡಿಯೇ ಬಿಡುತ್ತಾನೆ. ಆರೋಗ್ಯದಿಂದ ಮಾಲಕನಿಗೆ ಲಾಭವೆಂಬ ಸಿದ್ಧಾಂತ ನಿಲ್ಲಬೇಕಾದರೆ ಅನಾರೋಗ್ಯದ ನಷ್ಟ ಮೊದಲು ಮಾಲಕನ ಪುಸ್ತಕಕ್ಕೆ ಬರಬೇಕು. ಅದು ಬಾರದಂತೆ ವ್ಯವಸ್ಥೆಯಿದ್ದಲ್ಲಿ ಎಷ್ಟು ಅಂಕಿ ತೋರಿಸಿದರೂ ಅವನ ಕೈ ಚೀಲಕ್ಕೆ ಹೋಗದು.

ಕಬ್ಬಿನ ಹಂಗಾಮಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುವುದು. ಕಬ್ಬು ಕಡಿಯುವ ಟೋಳಿಗಳು ಬೀಡ, ವಿಜಯಪುರ ಮುಂತಾದ ಕಡೆಗಳಿಂದ ಗಂಡಹೆಂಡಿರ ಜೋಡಿಗಳಾಗಿ ಬರುತ್ತವೆ. ಮುಂಗಡ ಕೊಟ್ಟು ಕರೆತರುವವನು ಮುಕಾದಮನು. ಟನ್ನಿನ ಮೇಲೆ ಕೂಲಿ. ಒಂದು ದಿನ ತಪ್ಪಿದರೆ ಜೋಡಿಗೇ ದಂಡ. 2019ರಲ್ಲಿ ಮಹಾರಾಷ್ಟ್ರ ಸರಕಾರದ ಸಮಿತಿಯೊಂದು ಬೀಡ ಜಿಲ್ಲೆಯ ಸುಮಾರು 82,000 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ ಅವರಲ್ಲಿ 13,000ಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ತಿಂಗಳ ನೋವಿಗೆ ಒಂದು ದಿನದ ಕೂಲಿಯೂ ದಂಡವೂ ಬೀಳುವುದೆಂಬ ಭಯ ಇದರ ಹಿಂದೆ ಇತ್ತೆಂದು ಆಗ ಬಹಳ ಚರ್ಚೆಯಾಯಿತು. ಇದೂ ಗೈರುಹಾಜರಿಯನ್ನು ತಗ್ಗಿಸುವ ಒಂದು ವಿಧಾನವೇ! ಲಾಭನಷ್ಟಗಳ ಲೆಕ್ಕದಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ; ಏಕೆಂದರೆ ಖರ್ಚನ್ನು ಆಕೆಯೇ ತನ್ನ ಮೈಯಿಂದ ತೆತ್ತಿದ್ದಾಳೆ.

ಇದಕ್ಕೆ ಪ್ರತಿಯಾಗಿ ಮಧ್ಯ ಅಮೇರಿಕೆಯ ನಿಕರಾಗುವದಲ್ಲಿ ನಡೆದುದನ್ನು ಇಡಬಹುದು. ಅಲ್ಲಿ ಬಿಸಿಲಿನಲ್ಲಿ ಕಬ್ಬು ಕಡಿಯುವ ಯುವಕರ ಮೂತ್ರಪಿಂಡಗಳು ಕೆಡುತ್ತಿದ್ದವು. ಒಂದು ಸಕ್ಕರೆ ಕಾರಖಾನೆ ತಜ್ಞರ ಸಲಹೆಯಂತೆ ಸರದಿಯ ವಿಶ್ರಾಂತಿ, ಹೊಲದಲ್ಲಿಯೇ ನೆರಳಿನ ಡೇರೆ, ಸಾಕಷ್ಟು ನೀರು ಈ ಮೂರನ್ನು ಒದಗಿಸಿತು. ಮೂತ್ರಪಿಂಡದ ಹಾನಿ ಇಳಿಯಿತು. ಹಾಕಿದ ಹಣಕ್ಕಿಂತ ಹೆಚ್ಚು ಹಣ ಮರಳಿತೆಂದು ಲೆಕ್ಕ ಮಾಡಿದವರು ಬರೆದಿದ್ದಾರೆ. ವಿಶ್ರಾಂತಿಯ ವೇಳೆ ಹೆಚ್ಚಾದರೂ ಕಡಿದ ಕಬ್ಬು ಕಡಿಮೆಯಾಗಲಿಲ್ಲವಂತೆ. ನೀರು, ನೆರಳು, ಹತ್ತು ನಿಮಿಷದ ಕುಳಿತಿರುವಿಕೆ ಇವಕ್ಕಿಂತ ಅಗ್ಗದ ಆರೋಗ್ಯ ಯೋಜನೆ ಬೇರೆ ಯಾವುದಿದೆ? ಕಾರಖಾನೆಯು ಟೋಳಿಯನ್ನು ತನ್ನವರೆಂದು ಎಣಿಸಿದ್ದರಿಂದ ಅಲ್ಲಿ ಇದು ನಡೆಯಿತು. ಮುಕಾದಮನ ಜನವೆಂದು ಬಿಟ್ಟಿದ್ದರೆ ನಡೆಯುತ್ತಿರಲಿಲ್ಲ.

ಆದ್ದರಿಂದ ನಮ್ಮ ನಾಲ್ಕು ತಾಲೂಕುಗಳಲ್ಲಿ ಇದನ್ನು ಯಾರು ಕೈಗೊಳ್ಳಬಹುದೆಂದು ಯೋಚಿಸಿದಾಗ ನನಗೆ ಒಬ್ಬೊಬ್ಬ ಮಾಲಕನಿಗಿಂತ ಸಹಕಾರಿ ಸಂಘಗಳೇ ಹೆಚ್ಚು ತಕ್ಕವೆನಿಸುತ್ತವೆ. ಚಿಕ್ಕ ಮಾಲಕನಿಗೆ ಒಂದು ನ್ಯಾಯವಾದ ಅಂಜಿಕೆಯಿದೆ: ನಾನು ಖರ್ಚು ಮಾಡಿ ಗುಣಪಡಿಸಿದ ಆಳು ನಾಳೆ ಪಕ್ಕದ ಶೆಡ್ಡಿಗೆ ಹೋದರೆ ಲಾಭ ಅವನಿಗೆ. ಊರಿನ ಎಲ್ಲ ಮಗ್ಗದವರೂ ಸೇರಿದ ಸಂಘ ಕಣ್ಣಿನ ತಪಾಸಣೆ ನಡೆಸಿದರೆ ಈ ಅಂಜಿಕೆಗೆ ಎಡೆಯಿಲ್ಲ. ಆಳು ಎಲ್ಲಿ ಹೋದರೂ ಸಂಘದೊಳಗೇ ಇರುತ್ತಾನೆ. ನೇಕಾರರ ಸಂಘಗಳು ನೂಲು ಕೊಳ್ಳಲು ಒಟ್ಟಾಗುತ್ತವೆ, ಬಟ್ಟೆ ಮಾರಲು ಒಟ್ಟಾಗುತ್ತವೆ. ಕಣ್ಣಿಗಾಗಿ ಒಟ್ಟಾಗುವುದು ಅದಕ್ಕಿಂತ ಕಷ್ಟದ ಕೆಲಸವಲ್ಲ. ಹತ್ತಿಯ ಗಿರಣಿಗಳಲ್ಲಿ ದೂಳಿನ ವಿಷಯ ಬೇರೆ. ಹತ್ತಿಯ ದೂಳಿನಿಂದ ಎದೆ ಬಿಗಿಯುವ ರೋಗ ನೂಲಿನ ಗಿರಣಿಗಳಲ್ಲಿ ಬಹಳ ಹಿಂದೆಯೇ ಗುರುತಿಸಲ್ಪಟ್ಟಿದ್ದು, ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಅದು ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಅದನ್ನು ರಜೆಯ ಸೋಮಾರಿತನವೆಂದು ಬೈಯುವುದೇ ರೂಢಿ. ಇದಕ್ಕೆ ಸಂಘಕ್ಕಿಂತ ಕಾಯಿದೆಯೂ, ದೂಳು ಎಳೆಯುವ ಪಂಖವೂ ಬೇಕು.

ತರಗತಿಯಲ್ಲಿ ಉಳಿದಿದ್ದ ಪ್ರಶ್ನೆಗೆ ನಾನು ಬರೆದುಕೊಂಡ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಲಾಳಿ ನಿಲ್ಲಿಸದೆ ಎಲ್ಲವನ್ನೂ ಕೇಳಿ, "ಅಂದ್ರ, ಕಡಿತಾ ಮಾಡಿದವರು ಚಾಳೀಸಿನ ರೊಕ್ಕಾ ಕೊಡಬೇಕಿತ್ತೇನು?" ಎಂದರು. ನಾನು ಹೌದೆಂದೆ. ಅವರು ನಕ್ಕು, ಹರಿದ ಒಂದು ಎಳೆಯನ್ನು ತಾವೇ ಹುಡುಕಿ ಗಂಟು ಹಾಕಿದರು.